ಬಿಲ್ಲು ಕಾಣದ ರೋಗಿಯೇ ಮೊದಲ ಸಾಕ್ಷಿ

ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಮೋಸವಾದರೆ ಹೋಗುವುದು ಸರ್ಕಾರದ ದುಡ್ಡು, ನಮ್ಮ ಗಂಟೇನು ಹೋಯಿತು ಎಂಬ ಮಾತು ಪುಣೆಯ ಆಸ್ಪತ್ರೆ ವರಾಂಡಗಳಲ್ಲೂ ಇದೆ, ವಿಜಯಪುರ, ಕಲಬುರಗಿ ಕಡೆಯಿಂದ ಅಲ್ಲಿಗೆ ದುಡಿಯಲು ಹೋದವರ ಬಾಯಲ್ಲೂ ಇದೆ. ಲೆಕ್ಕ ನೋಡಿದರೆ ಇದು ತಪ್ಪು. ಆಯುಷ್ಮಾನ್ ಭಾರತದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿಯಿದೆ, ಅದು ಮನೆಮಂದಿಗೆಲ್ಲ ಸೇರಿದ ಮೊತ್ತ. ಅಪ್ಪನ ಹೆಸರಿನಲ್ಲಿ ಮಾಡದ ಶಸ್ತ್ರಚಿಕಿತ್ಸೆಯೊಂದನ್ನು ತೋರಿಸಿ ಆಸ್ಪತ್ರೆ ಹಣ ಪಡೆದರೆ, ಅದೇ ವರ್ಷ ಮಗಳಿಗೆ ಕಾಯಿಲೆ ಬಂದಾಗ ಉಳಿದಿರುವುದು ಅಷ್ಟು ಕಡಿಮೆ. ಮಾಮೂಲಿ ಆಸ್ಪತ್ರೆಯಲ್ಲಿ ಬಿಲ್ಲು ಕೈಗೆ ಬರುತ್ತದೆ, ನಾವು ಸಾಲುಸಾಲಾಗಿ ಓದಿ ಜಗಳ ಕಾಯುತ್ತೇವೆ. ನಗದುರಹಿತ ಯೋಜನೆಯಲ್ಲಿ ಬಿಲ್ಲು ಹೋಗುವುದು ಹಣ ಕೊಡುವ ಸಂಸ್ಥೆಗೆ. ಹೀಗಾಗಿ ಚಿಕಿತ್ಸೆ ನಿಜಕ್ಕೂ ಆಯಿತೇ ಇಲ್ಲವೇ ಎಂದು ಮೈಯಾರೆ ಗೊತ್ತಿರುವವನಿಗೆ ಲೆಕ್ಕ ಕಾಣುವುದಿಲ್ಲ, ಲೆಕ್ಕ ಕಾಣುವವರಿಗೆ ರೋಗಿ ಕಾಣುವುದಿಲ್ಲ. ಮೋಸ ಬೆಳೆಯುವುದು ಈ ಸಂದಿಯಲ್ಲೇ.

ಈಗ ಎಲ್ಲವೂ ಆನ್‌ಲೈನ್, ಕಂಪ್ಯೂಟರೇ ಕಳ್ಳನನ್ನು ಹಿಡಿಯುತ್ತದೆ ಎಂಬುದು ಓದಿದವರ ನಂಬಿಕೆ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ (ಸಿಎಜಿ) ವರದಿ ಇದನ್ನು ಅಲ್ಲಾಡಿಸಿತು. ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ ಹತ್ತು ಒಂಬತ್ತುಗಳ ಒಂದೇ ಮೊಬೈಲ್ ಸಂಖ್ಯೆ ಅಂಟಿಕೊಂಡಿತ್ತು. ಗುರುತು ಪರಿಶೀಲನೆಗೆ ಮೊಬೈಲ್ ಸಂಖ್ಯೆ ಕಡ್ಡಾಯವಲ್ಲ ಎಂದು ಸರ್ಕಾರ ಉತ್ತರಿಸಿತು, ಅದನ್ನು ಒಪ್ಪೋಣ. ಆದರೆ ಸತ್ತರೆಂದು ಮೊದಲೇ ದಾಖಲಾಗಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿದೆ ಎಂದೂ ಅದೇ ವರದಿ ಹೇಳಿತ್ತು. ಯಂತ್ರಕ್ಕೆ ಕೆಲಸವೇ ಇಲ್ಲ ಎಂದಲ್ಲ: 1,114 ಆಸ್ಪತ್ರೆಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದೇವೆ, 549ನ್ನು ಅಮಾನತಿನಲ್ಲಿ ಇಟ್ಟಿದ್ದೇವೆ ಎಂದು 2025ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಹಾಗಿದ್ದೂ, 2024ರ ನವೆಂಬರ್‌ನಲ್ಲಿ ಅಹಮದಾಬಾದಿನ ಖ್ಯಾತಿ ಆಸ್ಪತ್ರೆಯ ಪ್ರಕರಣ ಹೊರಬಿದ್ದದ್ದು ಯಾವ ತಂತ್ರಾಂಶದಿಂದಲೂ ಅಲ್ಲ. ಉಚಿತ ಶಿಬಿರದ ಹೆಸರಿನಲ್ಲಿ ಬೋರಿಸಣಾ ಗ್ರಾಮದಿಂದ ಜನರನ್ನು ಕರೆದೊಯ್ದು ಏಳು ಮಂದಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಮಾಡಲಾಯಿತು, ಇಬ್ಬರು ಸತ್ತರು. ನಮ್ಮನ್ನು ಕೇಳದೆಯೇ ಮಾಡಿದರು ಎಂದು ಮನೆಯವರು ಗದ್ದಲ ಎಬ್ಬಿಸಿದ ಮೇಲೆ ತನಿಖೆ ಶುರುವಾಯಿತು.

ಸ್ಟೆಂಟ್ ಬೇಕಿತ್ತೋ ಬೇಡವೋ ಎಂದು ಗಾರೆ ಕೆಲಸದವನಿಗೆ ಹೇಗೆ ಗೊತ್ತಾಗಬೇಕು ಎಂದು ವೈದ್ಯರು ಆಕ್ಷೇಪಿಸುತ್ತಾರೆ. ಸರಿಯಾದ ಮಾತೇ. ಆದರೆ ಅದನ್ನು ಅವನು ತೀರ್ಮಾನಿಸಬೇಕಿಲ್ಲ. ಯಾವ ದಿನ ದಾಖಲಾದೆ, ಯಾವ ದಿನ ಮನೆಗೆ ಕಳಿಸಿದರು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಹೊರಗಿನ ಅಂಗಡಿಗೆ ಚೀಟಿ ಬರೆದುಕೊಟ್ಟು ಎಷ್ಟು ದುಡ್ಡಿನ ಔಷಧ ತರಿಸಿದರು ಎಂದು ಹೇಳಿದರೆ ಸಾಕು. ಯೋಜನೆಯಲ್ಲಿ ಪರೀಕ್ಷೆಗಳೂ, ಬಿಡುಗಡೆಯ ನಂತರದ 15 ದಿನಗಳ ಔಷಧವೂ ಸೇರಿವೆ. ಹಾಗಾಗಿ ಆ ಚೀಟಿ, ಆ ಅಂಗಡಿಯ ರಸೀದಿ, ಡಿಸ್ಚಾರ್ಜ್ ಸಾರಾಂಶ ಈ ಮೂರೂ ಪುರಾವೆಗಳೇ. ಒಂದು ದಾಖಲೆಗೆ ಎದುರಾಗಿ ಇನ್ನೊಂದು ದಾಖಲೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಪುಣೆಯ ಸಸೂನ್ ಆಸ್ಪತ್ರೆಯೇ ಉದಾಹರಣೆ. ಅದು ವಿಮೆಯ ವಿಷಯವಲ್ಲ, ಆದರೂ ಪಾಠ ಒಂದೇ. 2024ರ ಮೇ 19ರ ಕಲ್ಯಾಣಿನಗರದ ಪೋರ್ಷೆ ಕಾರಿನ ಅಪಘಾತದ ನಂತರ, ಕಾರು ಓಡಿಸಿದ ಆರೋಪ ಹೊತ್ತ ಹುಡುಗನ ರಕ್ತದ ಮಾದರಿಯನ್ನು ಸಸೂನ್ ಆಸ್ಪತ್ರೆಯಲ್ಲಿ ಬದಲಿಸಿದರೆಂಬ ಆರೋಪ ಗಟ್ಟಿಯಾದದ್ದು, ಔಂಧ್ ಆಸ್ಪತ್ರೆಯಲ್ಲಿ ತೆಗೆದಿದ್ದ ಎರಡನೇ ಮಾದರಿಯ ಡಿಎನ್‌ಎ ಅದಕ್ಕೆ ತಾಳೆಯಾಗದೆ ಹೋದಾಗ. ವೈದ್ಯರ ಬಂಧನವೂ ಆಯಿತು. ಇನ್ನು, ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರ ಕಡಿಮೆ, ಬಾಕಿ ತಡ, ರೋಗಿಯಿಂದ ತೆಗೆದುಕೊಳ್ಳದೆ ಗತಿಯಿಲ್ಲ ಎನ್ನುವ ಆಸ್ಪತ್ರೆಗಳ ದೂರು. ಇದರಲ್ಲಿ ನಿಜಾಂಶವಿದೆ, ಆದರೆ ಆ ವ್ಯಾಜ್ಯ ಆಸ್ಪತ್ರೆಗೂ ಸರ್ಕಾರಕ್ಕೂ ನಡುವಿನದು. ಒಗ್ಗದಿದ್ದರೆ ಯೋಜನೆ ಬಿಡಬಹುದು, ರೋಗಿಯ ಜೇಬಿಗೆ ಕೈ ಹಾಕುವಂತಿಲ್ಲ.

ದುಡ್ಡು ಕೊಟ್ಟಾಗಿದೆ, ಈಗ ಬಾಯಿಬಿಟ್ಟರೆ ನಾವೇ ಸಿಕ್ಕಿಬೀಳುತ್ತೇವೆ ಎಂಬ ಅಂಜಿಕೆಗೆ ಅರ್ಧ ಆಧಾರವಿದೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂ ಪ್ರಕಾರ ಸರ್ಕಾರಿ ನೌಕರನಿಗೆ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನಿಗೆ ಆ ಕಲಂ ಅನ್ವಯಿಸದು. ಸುಮ್ಮನಿದ್ದರೇ ಕ್ಷೇಮ ಎಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗು.

ಹೆಸರಿಲ್ಲದ ಪತ್ರ ಬರೆದರೆ ಹಾವೂ ಸಾಯುತ್ತದೆ, ಕೋಲೂ ಉಳಿಯುತ್ತದೆ ಎಂದುಕೊಳ್ಳುವವರು ಬಹಳ. ಆದರೆ ಕೇಂದ್ರ ಜಾಗೃತ ಆಯೋಗ ಅನಾಮಧೇಯ ದೂರಿನ ಮೇಲೆ ಕ್ರಮಕ್ಕೆ ಮುಂದಾಗುವುದಿಲ್ಲ. ಬದಲಿಗೆ, 2004ರ ಸಾರ್ವಜನಿಕ ಹಿತಾಸಕ್ತಿ ಬಹಿರಂಗಪಡಿಸುವಿಕೆ ನಿರ್ಣಯದಡಿ ಹೆಸರು, ವಿಳಾಸವನ್ನು ಮುಚ್ಚಿದ ಲಕೋಟೆಯೊಳಗೆ ಬರೆದರೆ ಅದನ್ನು ಗುಟ್ಟಾಗಿ ಇಡುವ ಹೊಣೆ ಆಯೋಗದ್ದು. ಈ ವ್ಯವಸ್ಥೆ ಕೇಂದ್ರ ಸರ್ಕಾರದ ಇಲಾಖೆ, ಸಂಸ್ಥೆಗಳಿಗೆ ಮಾತ್ರ. ರಾಜ್ಯದ ಆಸ್ಪತ್ರೆಯೊಳಗಿನ ನರ್ಸ್, ಗುಮಾಸ್ತರಿಗೆ ಅದು ಆಸರೆಯಲ್ಲ. ಅವರ ಭಯವನ್ನು ಭ್ರಮೆ ಎನ್ನಲು ನನಗೆ ಮನಸ್ಸಿಲ್ಲ. ಭೂಹಗರಣಗಳನ್ನು ಬಯಲಿಗೆಳೆದ ಮಾಹಿತಿ ಹಕ್ಕು ಹೋರಾಟಗಾರ ಸತೀಶ್ ಶೆಟ್ಟಿ 2010ರ ಜನವರಿ 13ರಂದು ಪುಣೆ ಜಿಲ್ಲೆಯ ತಳೇಗಾಂವ್ ದಾಭಾಡೆಯಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿಗೆ ಕೊಲೆಯಾದರು, ಅದಕ್ಕೂ ಮೊದಲೇ ಅವರು ಪೊಲೀಸ್ ರಕ್ಷಣೆ ಕೇಳಿದ್ದರು. 2014ರಲ್ಲಿ ರಾಷ್ಟ್ರಪತಿ ಅಂಕಿತ ಬಿದ್ದ ಮಾಹಿತಿದಾರರ ರಕ್ಷಣಾ ಕಾಯ್ದೆಯನ್ನು ಇನ್ನೂ ಜಾರಿಗೆ ತಂದಿಲ್ಲ, ಇದು ನಾಚಿಕೆಗೇಡು. ಆದರೆ ಒಳಗಿನ ನೌಕರನಿಗಿರುವ ಅಪಾಯವನ್ನು ರೋಗಿ ತನ್ನದೆಂದುಕೊಂಡು ಹೆದರಬೇಕಿಲ್ಲ. ಅವನನ್ನು ಯಾರೂ ವರ್ಗ ಮಾಡಲಾರರು, ಅಮಾನತು ಮಾಡಲಾರರು. ಕರ್ನಾಟಕದ ಆಯುಷ್ಮಾನ್ ಕಾರ್ಡಿನ ಮೇಲೆ ಪುಣೆಯಲ್ಲಿ ಚಿಕಿತ್ಸೆ ಪಡೆದವರಿಗೂ ದೂರಿಗೆ 14555 ಇದೆ. ಮಹಾರಾಷ್ಟ್ರದ್ದೇ ಆದ ಮಹಾತ್ಮಾ ಜ್ಯೋತಿಬಾ ಫುಲೆ ಆರೋಗ್ಯ ಯೋಜನೆಯ ಸಂಖ್ಯೆ 155388, ಸರ್ಕಾರಿ ನೌಕರ ಲಂಚ ಕೇಳಿದರೆ ಮಹಾರಾಷ್ಟ್ರ ಭ್ರಷ್ಟಾಚಾರ ನಿಗ್ರಹ ದಳದ್ದು 1064. ಫೋನು ಎತ್ತುವ ಮೊದಲು ಡಿಸ್ಚಾರ್ಜ್ ಕಾಗದದ ನಕಲು ಕೈಯಲ್ಲಿರಲಿ.