ಗೇರ್ ಇಳಿಸುವಾಗ ಕಾರು ಯಾಕೆ ಜರ್ಕ್ ಹೊಡೆಯುತ್ತೆ? ದಾವಣಗೆರೆ–ಹರಿಹರ ರಸ್ತೆ ಕಲಿಸಿದ ಪಾಠ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಸಣ್ಣದು ಅನ್ನಿಸಬಹುದು: ಮ್ಯಾನ್ಯುಯಲ್ ಕಾರಲ್ಲಿ ಗೇರ್ ಇಳಿಸೋದು. ಡ್ರೈವಿಂಗ್ ಸ್ಕೂಲಲ್ಲಿ ನಮಗೆ ಗೇರ್ ಏರಿಸೋದನ್ನ ಚೆನ್ನಾಗಿ ಹೇಳಿಕೊಡ್ತಾರೆ. ಇಳಿಸೋದನ್ನ ಮಾತ್ರ "ಕ್ಲಚ್ ಒತ್ತು, ಹಿಂದಕ್ಕೆ ಎಳಿ" ಅಂತ ಮುಗಿಸಿಬಿಡ್ತಾರೆ. ನಾನೂ ಹಂಗೇ ಕಲಿತಿದ್ದು.

ಅದು ಸಾಲಲ್ಲ ಅಂತ ಗೊತ್ತಾಗಿದ್ದು ಅಮ್ಮನ ಆಪರೇಷನ್ ಆದಾಗ. ದಾವಣಗೆರೆಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿಸಿ ಹರಿಹರದ ಮನೆಗೆ ಕರ್ಕೊಂಡು ಹೋಗ್ತಿದ್ದೆ. ಹೆಚ್ಚೂಕಮ್ಮಿ 14 ಕಿಲೋಮೀಟರ್. ಹೊಟ್ಟೆ ಮೇಲೆ ಹೊಲಿಗೆ, ಅದರ ಮೇಲೊಂದು ದಿಂಬು. ಪ್ರತಿ ಹಂಪ್ ಬಂದಾಗ ನಾನು ನಾಲ್ಕರಿಂದ ಮೂರು, ಮೂರರಿಂದ ಎರಡಕ್ಕೆ ಇಳಿಸ್ತಿದ್ದೆ. ಇಳಿಸಿದಾಗೆಲ್ಲ ಕಾರು ಮುಗ್ಗರಿಸ್ತಿತ್ತು, ಹಿಂದಿನ ಸೀಟಿಂದ "ಅಯ್ಯಪ್ಪಾ" ಅಂತ ಸಣ್ಣ ದನಿ. ದೊಡ್ಡಬಾತಿ ದಾಟೋ ಹೊತ್ತಿಗೆ ಅಮ್ಮ ಹೇಳಿದಳು: "ಹಂಪ್ ಹಾರಿಸಿದ್ರೂ ತಡ್ಕಂತೀನಪ್ಪ, ಅದಕ್ಕಿಂತ ಮುಂಚೆ ನೀನು ಏನೋ ಮಾಡ್ತೀಯಲ್ಲ, ಅದು ಬ್ಯಾಡ."

ಅಂದ್ರೆ ತಪ್ಪು ರಸ್ತೆದಲ್ಲ, ನನ್ನ ಎಡಗಾಲಿಂದು.

ಜರ್ಕ್ ಎಲ್ಲಿಂದ ಬರುತ್ತೆ?

ನಮ್ಮ ಸೋದರಮಾವ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1941ರಲ್ಲಿ ಶುರುವಾದ ಕಂಪನಿ, ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅದು ಮುಚ್ಚಿ ವರ್ಷಗಳಾದವು, ಆದ್ರೆ ಮಾವ ಇವತ್ತಿಗೂ ಯಾವ ಯಂತ್ರದ ಸದ್ದು ಕೇಳಿದ್ರೂ ಕಿವಿ ನಿಮಿರಿಸ್ತಾರೆ. ಅವರ ಮುಂದೆ ಅಮ್ಮನ ದೂರು ಹೇಳಿದೆ.

"ನೋಡಪಾ ಅಳಿಯ," ಅಂದ್ರು, "ಲೇತ್ ತಿರುಗ್ತಿರುವಾಗ ನಾವು ಗೇರ್ ಲಿವರ್ ಮುಟ್ತಿರಲಿಲ್ಲ. ನಿಲ್ಲಿಸಿ ಬದಲಾಯಿಸ್ತಿದ್ವಿ. ರೋಡಲ್ಲಿ ಗೇರ್ ಹಾಕೋವಾಗೆಲ್ಲ ಕಾರು ನಿಲ್ಲಿಸಕ್ಕಾಗುತ್ತೇನು? ಅದಕ್ಕೇ ತಿರುಗೋ ಎರಡು ವಸ್ತುನ ಒಂದೇ ವೇಗಕ್ಕೆ ತಂದು ಕೂಡಿಸಬೇಕು."

ಇದೇ ಇಡೀ ಸಂಚಿಕೆಯ ಸಾರ. ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ಲಚ್ ಬಿಟ್ಟಿದ್ದಾಗ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧ. ಪ್ರತಿ ಗೇರಿಗೂ ಒಂದು ಅನುಪಾತ. ಉದಾಹರಣೆಗೆ ಒಂದು ಕಾರಿನ ನಾಲ್ಕನೇ ಗೇರಿನ ಅನುಪಾತ 0.95, ಮೂರನೆಯದು 1.3 ಅಂತ ಇಟ್ಕೊಳ್ಳಿ. ನಾಲ್ಕನೇ ಗೇರಲ್ಲಿ ಎಂಜಿನ್ 2,000 ಆರ್‌ಪಿಎಂ ಇದ್ರೆ, ಅದೇ ವೇಗದಲ್ಲಿ ಮೂರನೇ ಗೇರಿಗೆ ಅದು ಸುಮಾರು 2,700 ತಿರುಗಲೇಬೇಕು. ನಾವೇನು ಮಾಡ್ತೀವಿ? ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಡ್ತೀವಿ. ಎಂಜಿನ್ 1,000ದ ಆಸುಪಾಸಿಗೆ ಇಳಿಯುತ್ತೆ. ಆಮೇಲೆ ಕ್ಲಚ್ ಟಪ್ ಅಂತ ಬಿಟ್ರೆ, 1,000ದಲ್ಲಿರೋ ಎಂಜಿನ್ನನ್ನ ಒಂದೇ ಕ್ಷಣದಲ್ಲಿ 2,700ಕ್ಕೆ ಎಳೆಯೋ ಕೆಲಸ ಚಕ್ರಗಳ ತಲೆ ಮೇಲೆ ಬೀಳುತ್ತೆ. ಆ ಎಳೆತವೇ ಜರ್ಕ್. ಬಿ.ಕಾಂ ಭಾಷೆಯಲ್ಲಿ, ಡೆಬಿಟ್ಟು ಕ್ರೆಡಿಟ್ಟು ತಾಳೆ ಆಗಿಲ್ಲ. ವ್ಯತ್ಯಾಸದ ಮೊತ್ತ ಅಮ್ಮನ ಹೊಟ್ಟೆ ಮೇಲಿನ ಹೊಲಿಗೆಗೆ ಬಿತ್ತು.

"ಈಗಿನ ಕಾರಲ್ಲಿ ಸಿಂಕ್ರೋಮೆಶ್ ಇದೆಯಲ್ಲ?" ಅಂತ ಕೇಳಬಹುದು. ಇದೆ. 1928ರಲ್ಲೇ ಕ್ಯಾಡಿಲಾಕ್ ಅದನ್ನ ತನ್ನ ಕಾರುಗಳಿಗೆ ತಂದಿತ್ತು. ಆದ್ರೆ ಅದು ಹೊಂದಿಸೋದು ಗೇರ್‌ಬಾಕ್ಸ್ ಒಳಗಿನ ವೇಗಗಳನ್ನ. ಅದರಿಂದ ಗೇರ್ ಕರಕರ ಅನ್ನದೆ ಬೀಳುತ್ತೆ. ಎಂಜಿನ್ನಿನ ವೇಗ ಹೊಂದಿಸೋದು ಕ್ಲಚ್ಚು ಮತ್ತು ನಿಮ್ಮ ಕಾಲು.

ಇಳಿಸೋ ಕ್ರಮ

ಒಂದು: ಮೊದಲು ಬ್ರೇಕ್, ಆಮೇಲೆ ಗೇರ್. ವೇಗ ಕಡಿಮೆ ಮಾಡೋದು ಬ್ರೇಕಿನ ಕೆಲಸ. ಹಂಪ್ ದೂರದಲ್ಲಿ ಕಂಡ ತಕ್ಷಣ ಗೇರಿನಲ್ಲಿದ್ದಂಗೇ ಮೆತ್ತಗೆ ಬ್ರೇಕ್ ಶುರು ಮಾಡಿ. ಮೊದಲೇ ಕ್ಲಚ್ ಒತ್ತಬೇಡಿ.

ಎರಡು: ವೇಗ ಕೆಳಗಿನ ಗೇರಿಗೆ ಸರಿಹೋಗೋವಷ್ಟು ಇಳಿದ ಮೇಲೆ ಕ್ಲಚ್ ಪೂರ್ತಿ ಒತ್ತಿ ಗೇರ್ ಬದಲಾಯಿಸಿ. ಅರ್ಧ ಒತ್ತಬೇಡಿ. ಲಿವರನ್ನ ಗುದ್ದಬೇಡಿ, ಅಂಗೈಯಿಂದ ತಳ್ಳಿ.

ಮೂರು: ಕ್ಲಚ್ ಕೆಳಗಿರುವಾಗಲೇ ಬಲಗಾಲಿಂದ ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು. ಎಂಜಿನ್ "ಊಂ" ಅಂತ ಸ್ವಲ್ಪ ಏರುತ್ತೆ. ಇದಕ್ಕೇ ರೆವ್ ಮ್ಯಾಚಿಂಗ್ ಅನ್ನೋದು.

ನಾಲ್ಕು: ಆ ಏರಿದ ಸದ್ದು ಇಳಿಯೋ ಮುಂಚೆ ಕ್ಲಚ್ ಬಿಡಿ. ಕ್ಲಚ್ ಹಿಡಿಯೋ ಜಾಗದಲ್ಲಿ ಅರೆಕ್ಷಣ ತಡೆದು, ಆಮೇಲೆ ಪೂರ್ತಿ ಬಿಡಿ.

ಹೊಸಬರಿಗೆ ಮೂರನೇ ಹಂತ ಕಷ್ಟ. ಪರವಾಗಿಲ್ಲ, ಮೊದಲ ವಾರ ಅದನ್ನ ಬಿಟ್ಟು ನಾಲ್ಕನೆಯದನ್ನೇ ನಿಧಾನವಾಗಿ ಮಾಡಿ. ಕ್ಲಚ್ ಸ್ವಲ್ಪ ಸವೆಯುತ್ತೆ, ಆದ್ರೆ ಜರ್ಕ್ ಅರ್ಧ ಕಡಿಮೆ ಆಗುತ್ತೆ. ಒಂದೇ ಪಾದದಲ್ಲಿ ಬ್ರೇಕು, ಆಕ್ಸಿಲರೇಟರು ಎರಡನ್ನೂ ಒತ್ತೋ 'ಹೀಲ್ ಅಂಡ್ ಟೋ' ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಅದು ರೇಸ್ ಟ್ರ್ಯಾಕಿಗೆ ಸರಿ. ಪಿ.ಬಿ. ರೋಡಲ್ಲಿ ಆಟೋ ಅಡ್ಡ ಬಂದಾಗ ಅದನ್ನ ಪ್ರಯೋಗ ಮಾಡಬೇಡಿ.

ನಾನು ಮಾಡ್ತಿದ್ದ ತಪ್ಪುಗಳು

ಬ್ರೇಕ್ ಬದಲು ಗೇರಿಂದಲೇ ಕಾರು ನಿಲ್ಲಿಸಕ್ಕೆ ಹೋಗ್ತಿದ್ದೆ. ಬ್ರೇಕ್ ಪ್ಯಾಡ್ ಬದಲಾಯಿಸೋದು ಸಣ್ಣ ಖರ್ಚು. ಕ್ಲಚ್ ಪ್ಲೇಟ್ ಬದಲಾಯಿಸಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಯಾವುದು ಸವೆದ್ರೆ ಲಾಭ ಅಂತ ನೀವೇ ಲೆಕ್ಕ ಹಾಕ್ರಿ.

ಇನ್ನೊಂದು, ಹಂಪ್ ಹತ್ರ ಮೊದಲನೇ ಗೇರಿಗೆ ಎಳೀತಿದ್ದೆ. ಕಾರು ಉರುಳ್ತಿದ್ರೆ ಎರಡನೇ ಗೇರೇ ಸಾಕು. ಮೊದಲನೆಯದು ಹೆಚ್ಚೂಕಮ್ಮಿ ನಿಂತಾಗ ಮಾತ್ರ. ವೇಗ ಇದ್ದಾಗ ತೀರಾ ಕೆಳಗಿನ ಗೇರ್ ಬಿದ್ರೆ ಎಂಜಿನ್ ತನ್ನ ಮಿತಿ ಮೀರಿ ತಿರುಗಿ ಹಾಳಾಗಬಹುದು. ಐದರಿಂದ ನೇರ ಮೂರಕ್ಕೆ ಬರೋದು ತಪ್ಪಲ್ಲ, ವೇಗ ಮೊದಲು ಇಳಿದಿರಬೇಕು ಅಷ್ಟೆ.

ಮಳೆಯಲ್ಲಿ ಇದು ಬರೀ ಜರ್ಕಿನ ವಿಷಯ ಅಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯೋವು. ಒದ್ದೆ ರಸ್ತೆಯಲ್ಲಿ ಗೇರ್ ಇಳಿಸಿ ಕ್ಲಚ್ ತಟ್ಟನೆ ಬಿಟ್ರೆ ಆ ಚಕ್ರಗಳೇ ಹಿಡಿತ ಕಳ್ಕೊಂಡು ಜಾರಬಹುದು. ಸ್ಟೀರಿಂಗ್ ಇರೋದೂ ಅದೇ ಚಕ್ರಗಳಿಗೆ. ಎಬಿಎಸ್ ಇದೆಯಲ್ಲ ಅಂದ್ಕೋಬೇಡಿ. ಅದು ಬ್ರೇಕಿನ ಒತ್ತಡ ನೋಡ್ಕೊಳ್ಳುತ್ತೆ, ನಿಮ್ಮ ಕ್ಲಚ್ ಕಾಲನ್ನಲ್ಲ. ಎದುರಿಗೆ ಏನಾದ್ರೂ ತಟ್ಟನೆ ಬಂದ್ರೆ ಗೇರಿನ ಯೋಚನೆ ಬಿಟ್ಟು ಬ್ರೇಕ್ ಒತ್ತಿ.

ಇಳಿಜಾರಲ್ಲಿ ನ್ಯೂಟ್ರಲ್ ಬೇಡ

ದಾವಣಗೆರೆ ಕಡೆ ದೊಡ್ಡ ಘಾಟಿ ಇಲ್ಲ. ಆದ್ರೆ ರಜೆ ಸಿಕ್ಕಿದ್ರೆ ನಾವೆಲ್ಲ ಶಿವಮೊಗ್ಗ ದಾಟಿ ಆಗುಂಬೆ ಇಳಿದು ಉಡುಪಿಗೆ ಹೋಗೋರೇ. ಅಲ್ಲಿ 14 ಹೇರ್‌ಪಿನ್ ತಿರುವು. ಬರೀ ಬ್ರೇಕಿನ ಮೇಲೆ ಇಳಿದ್ರೆ ಬ್ರೇಕ್ ಕಾದು ಹಿಡಿತ ಕಡಿಮೆ ಆಗುತ್ತೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್, ಅದನ್ನೂ ತಿರುವಿಗೆ ಮುಂಚೆನೇ ಹಾಕಿರಬೇಕು.

ಪೆಟ್ರೋಲ್ ಉಳಿಸಕ್ಕೆ ನ್ಯೂಟ್ರಲ್ ಹಾಕೋದು ಹಳೇ ನಂಬಿಕೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳೀತಿದ್ರೆ ಎಂಜಿನ್ನಿಗೆ ಇಂಧನವೇ ನಿಲ್ಲುತ್ತೆ, ಚಕ್ರಗಳೇ ಎಂಜಿನ್ ತಿರುಗಿಸ್ತವೆ. ನ್ಯೂಟ್ರಲ್ಲಲ್ಲಿ ಎಂಜಿನ್ ಆರದಿರಕ್ಕೆ ಪೆಟ್ರೋಲ್ ಬೇಕು. ಉಳಿತಾಯನೂ ಇಲ್ಲ, ಹಿಡಿತನೂ ಇಲ್ಲ.

ಈ ವಾರದ ಹೋಂವರ್ಕ್

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಖಾಲಿ ರಸ್ತೆ ನೋಡ್ಕೊಳ್ಳಿ. ಓಡಿಸಿ ಅನುಭವ ಇರೋರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಮೂರರಿಂದ ಎರಡಕ್ಕೆ ಇಪ್ಪತ್ತು ಸಲ ಇಳಿಸಿ. ಪರೀಕ್ಷೆ ಸುಲಭ: ಪಕ್ಕದಲ್ಲಿ ಕೂತವರ ತಲೆ ಮುಂದಕ್ಕೆ ಬಾಗಿದ್ರೆ ಫೇಲ್.

ನಾನು ಮೂರು ವಾರ ಹಿಂಗೇ ಮಾಡಿದೆ, ಮಾವ ಪಕ್ಕದಲ್ಲಿ ಕಣ್ಣು ಮುಚ್ಚಿ ಬರೀ ಸದ್ದು ಕೇಳ್ತಾ ಕೂರ್ತಿದ್ರು. ಆಮೇಲೆ ಅಮ್ಮನ ಚೆಕಪ್ಪಿಗೆ ಅದೇ ರಸ್ತೇಲಿ ದಾವಣಗೆರೆಗೆ ಹೊರಟೆ. ದಿಂಬು ಇತ್ತು, ಹಂಪ್‌ಗಳೂ ಅಷ್ಟೇ ಇದ್ವು. ದೊಡ್ಡಬಾತಿ ಹತ್ರ ಕನ್ನಡಿಯಲ್ಲಿ ನೋಡಿದೆ, ಅಮ್ಮನಿಗೆ ನಿದ್ದೆ. ಆಸ್ಪತ್ರೆ ಗೇಟಲ್ಲಿ ಎದ್ದು ಕೇಳಿದಳು: "ಬಂದೇ ಬಿಟ್ವಾ?"

ಮಾವನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಇನ್ನು ಗೇರ್ ಏರಿಸೋದು ಕಲಿ" ಅಂದ್ರು.

ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸ್ರಿ.