ಕೂದಲಿನ ನ್ಯಾಯವಿಜ್ಞಾನ ಪರೀಕ್ಷೆ: ಸಾರ್ವಜನಿಕರ ಮಾಹಿತಿಗಾಗಿ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ: ಅಪರಾಧ ಸ್ಥಳದಲ್ಲಿ ದೊರೆತ ಕೂದಲು ಶಂಕಿತ ವ್ಯಕ್ತಿಯ ಕೂದಲನ್ನು ಹೋಲುತ್ತದೆ ಎಂಬ ವರದಿಯು, ಅದು ಆ ವ್ಯಕ್ತಿಯದೇ ಎಂಬುದಕ್ಕೆ ಪ್ರಮಾಣವಲ್ಲ. ಅಮೆರಿಕದ ಎಫ್.ಬಿ.ಐ. ಸಂಸ್ಥೆಯು ಸೂಕ್ಷ್ಮದರ್ಶಕದ ಹೋಲಿಕೆಯನ್ನು ಆಧರಿಸಿದ ಹಳೆಯ ವಿಚಾರಣಾ ಕಡತಗಳನ್ನು ಪರಿಶೀಲಿಸಿದಾಗ, ಕನಿಷ್ಠ ಶೇ. 90ರಷ್ಟು ಕಡತಗಳಲ್ಲಿ ತಜ್ಞರ ಹೇಳಿಕೆಗಳು ದೋಷಯುಕ್ತವಾಗಿದ್ದುದು 2015ರಲ್ಲಿ ಪ್ರಕಟವಾಯಿತು. ಇದು ಸಣ್ಣ ಸಂಗತಿಯಲ್ಲ.

ಬೇರುಸಹಿತ ಕಿತ್ತುಬಂದ ಕೂದಲಿನಿಂದ ವ್ಯಕ್ತಿಯನ್ನು ಗುರುತಿಸಬಲ್ಲ ಡಿ.ಎನ್.ಎ. ದೊರೆಯಬಹುದು. ಬೇರಿಲ್ಲದಿದ್ದಲ್ಲಿ ಸಾಮಾನ್ಯವಾಗಿ ದೊರೆಯುವುದು ಮೈಟೊಕಾಂಡ್ರಿಯದ ಡಿ.ಎನ್.ಎ. ಮಾತ್ರ, ಅದು ತಾಯಿಗೂ ಆಕೆಯ ಮಕ್ಕಳಿಗೂ ಸಮಾನ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 51ರಂತೆ, ಪೊಲೀಸ್ ಅಧಿಕಾರಿಯ ಕೋರಿಕೆಯ ಮೇರೆಗೆ ನೋಂದಾಯಿತ ವೈದ್ಯರು ಆರೋಪಿಯ ಕೂದಲಿನ ಮಾದರಿಯನ್ನು ಪಡೆಯಬಹುದಾಗಿದೆ.

ಪೊಲೀಸರು ಬರುವವರೆಗೆ ಸ್ಥಳವನ್ನು ಗುಡಿಸಬಾರದು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಕರಾವಳಿಯ ಮಳೆಗಾಲದಲ್ಲಿ ಬೇಗನೆ ಬೂಷ್ಟು ಹಿಡಿಯುತ್ತದೆ.