ಕಣ್ಣಿಗೂ ಉಂಟು ಪಾಠ, ಅರವತ್ತೈದರ ನಂತರವೂ

ಸಂಜೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. "ಇದು ಎಷ್ಟನೇ ನಂಬರ್ ಬಸ್ಸಪ್ಪಾ?" ಎಂದು ಕೇಳುವ ತಾತಂದಿರು ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಹಲವರಿಗೆ ಕನ್ನಡಕವಿದೆ, ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡಿದ್ದಾರೆ. ಆದರೂ ಮಬ್ಬುಗತ್ತಲಲ್ಲಿ 3 ಮತ್ತು 8ರ ವ್ಯತ್ಯಾಸ ತಿಳಿಯುವುದಿಲ್ಲ. ಮೆಟ್ಟಿಲಿನ ಅಂಚೂ ಕಾಣದೆ ಎಡವುತ್ತಾರೆ. ಏಕೆ?

ವೈದ್ಯರ ಫಲಕದಲ್ಲಿರುವುದು ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರ. ಬೀದಿಯಲ್ಲಿ ಎಲ್ಲವೂ ಬೂದಿಯ ಮೇಲೆ ಬೂದಿ. ಈ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿ ವಯಸ್ಸಾದಂತೆ ಕುಗ್ಗುತ್ತದೆ. ಪಾಪೆ ಕಿರಿದಾಗುವುದು, ಮಸೂರ ಹಳದಿಗಟ್ಟುವುದು ಒಂದು ಕಾರಣ. ಕಣ್ಣು ಕಳಿಸಿದ ಚಿತ್ರವನ್ನು ಮಿದುಳು ಮೊದಲಿನಷ್ಟು ಚುರುಕಾಗಿ ಬಿಡಿಸದಿರುವುದು ಇನ್ನೊಂದು.

ಕಣ್ಣನ್ನು ಎಳೆಯದಾಗಿಸಲು ಆಗದು. ಮಿದುಳಿಗಾದರೋ ಪಾಠ ಹೇಳಬಹುದು! ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 65 ದಾಟಿದವರಿಗೆ ಕಂಪ್ಯೂಟರ್ ಪರದೆಯ ಮೇಲೆ ಮಸುಕು ಪಟ್ಟೆಗಳನ್ನು ತೋರಿಸಿ, ಅವು ಯಾವ ಕಡೆ ವಾಲಿವೆ ಎಂದು ಗುರುತಿಸಲು ಹೇಳಿದರು. ದಿನಕ್ಕೆ ಒಂದೂವರೆ ಗಂಟೆಯಂತೆ ಏಳು ದಿನಗಳ ಅಭ್ಯಾಸದಲ್ಲಿ ಅವರ ನೋಟ ಸುಧಾರಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶವಿದು.

ಇದೇ ಪಾಠವನ್ನು ಆಟವಾಗಿಸುವ ಸಾಧನ 'ವರ್ಚುವಲ್ ರಿಯಾಲಿಟಿ' ಕನ್ನಡಕ. ಅದು ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸಬಲ್ಲದು. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುತ್ತದೆ. 4ರಿಂದ 7 ವರ್ಷದ ಮಕ್ಕಳ 'ಸೋಮಾರಿ ಕಣ್ಣಿನ' ಚಿಕಿತ್ಸೆಗೆ ಇಂಥದೊಂದು ಸಾಧನಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಿರಿಯರ ವಿಷಯದಲ್ಲಿ ಮಾತ್ರ ಇದಿನ್ನೂ ಪ್ರಯೋಗದ ಹಂತದಲ್ಲಿದೆ.

ಹಾಗಾಗಿ ಅಜ್ಜಿಗೆಂದು ದುಬಾರಿ ಸಾಧನ ಕೊಳ್ಳಲು ಹೊರಟ ತಂದೆತಾಯಿಗಳೇ, ಸ್ವಲ್ಪ ತಡೆಯಿರಿ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ಹಾನಿ ಯಾವ ಆಟದಿಂದಲೂ ವಾಸಿಯಾಗದು. ಆಟದಲ್ಲಿ ಕಳೆದ ತಿಂಗಳುಗಳಲ್ಲಿ ಇದ್ದ ದೃಷ್ಟಿಯೂ ಹೋದೀತು. ಮೊದಲು ಕಣ್ಣಿನ ತಪಾಸಣೆ ಆಗಲಿ. ಅದಕ್ಕೆ ನಗರದಲ್ಲಿ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಯೇ ಇದೆ. ವೈದ್ಯರು ಒಪ್ಪಿದರೆ ಸಾಧನ ಧರಿಸಲಿ. ಆಗಲೂ ಕುರ್ಚಿಯಲ್ಲಿ ಕುಳಿತೇ. ನಿಂತರೆ ತಲೆಸುತ್ತಿ ಬೀಳುವ ಭಯವುಂಟು.

ವಿದ್ಯಾರ್ಥಿಗಳೇ, ಇಂದೇ ಮಾಡಬಹುದಾದ ಕೆಲಸವೂ ಇದೆ. ಮನೆಯ ಮೆಟ್ಟಿಲುಗಳ ಅಂಚಿಗೆ ಹಳದಿ ಪಟ್ಟಿ ಅಂಟಿಸಿ. ಬಚ್ಚಲ ದಾರಿಗೆ ಒಳ್ಳೆಯ ದೀಪ ಹಾಕಿಸಿ. ಬಿಳಿ ನೆಲದ ಮೇಲೆ ಬಿಳಿ ಮಣೆ ಇಡಬೇಡಿ. ಖರ್ಚು ಅಲ್ಪ, ಉಳಿಯುವುದು ಅಜ್ಜಿಯ ಸೊಂಟದ ಮೂಳೆ!